ಆಲಯವಿಲ್ಲದ ವಿಶ್ವವಿದ್ಯಾಲಯ: ಬೊಲೊನ್ಯಾದಲ್ಲಿ ಓದು ಮತ್ತು ವಾಸ



ಈ ದತ್ತಿ ಉಪನ್ಯಾಸದ ಸ್ವಾಗತ ಭಾಷಣದಲ್ಲಿ ದತ್ತಿದಾನಿಗಳ ಬಗ್ಗೆ ಒಂದು ಮಾತು ಬಂತು. ಅವರು ಹುಡುಗರಾಗಿದ್ದಾಗ ಹಳ್ಳಿಯಿಂದ ಪಟ್ಟಣಕ್ಕೆ ಬಂದು, ವಾರಾನ್ನ ಮಾಡಿಕೊಂಡು, ಛತ್ರದ ಜಗಲಿಯಲ್ಲಿ ಮಲಗಿ ಓದಿದವರಂತೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಏಳು ಮನೆ ಗೊತ್ತಾಗುವವರೆಗೆ ಪುಸ್ತಕ ತೆರೆಯುವ ಮಾತೇ ಇರಲಿಲ್ಲವಂತೆ. ಅದನ್ನು ಕೇಳಿ ನನಗೆ ಅರ್ಧ ಸಮಾಧಾನವಾಯಿತು, ಅರ್ಧ ಗಾಬರಿಯಾಯಿತು. ಸಮಾಧಾನ ಏಕೆಂದರೆ ನಾನು ಬರೆದುಕೊಂಡು ಬಂದಿರುವ ವಿಷಯವೂ ಅದೇ. ಗಾಬರಿ ಏಕೆಂದರೆ ನಾನು ಒಂದು ಗಂಟೆಯಲ್ಲಿ ಹೇಳಬೇಕೆಂದಿದ್ದನ್ನು ಸ್ವಾಗತ ಮಾಡಿದವರು ಒಂದು ಸಾಲಿನಲ್ಲಿ ಹೇಳಿ ಮುಗಿಸಿದರು.

ನನ್ನ ಊರು ಮಾತ್ರ ಬೇರೆ. ಇಟಲಿಯ ಬೊಲೊನ್ಯಾ. ಯುರೋಪಿನ ಅತ್ಯಂತ ಹಳೆಯ ವಿಶ್ವವಿದ್ಯಾಲಯ ಅಲ್ಲಿಯದು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಅಲ್ಲಿ ಎರಡು ವರ್ಷ ಕಾನೂನಿನ ಇತಿಹಾಸ ಓದಿದೆ. ಮೆಡಿಟರೇನಿಯನ್ ಎಂದರೆ ನಮಗೆ ನೀಲಿ ಕಡಲು, ಬಿಳಿ ಗೋಡೆ, ಆಲಿವ್ ಮರ ಕಣ್ಣಿಗೆ ಕಟ್ಟುತ್ತವೆ. ಬೊಲೊನ್ಯಾದಲ್ಲಿ ಈ ಮೂರೂ ಇಲ್ಲ. ಪೊ ನದಿಯ ಬಯಲು ಮುಗಿದು ಅಪೆನೈನ್ ಗುಡ್ಡಗಳು ಏಳುವಲ್ಲಿ ಊರಿದೆ. ಇಟ್ಟಿಗೆಯ ಕೆಂಪು ಊರು. ಅಡುಗೆಗೆ ಆಲಿವ್ ಎಣ್ಣೆಗಿಂತ ಬೆಣ್ಣೆ ಮುಂದು. ಆದರೂ ಮೆಡಿಟರೇನಿಯನ್ ನಾಡುಗಳ ವಿದ್ಯೆಯ ಚರಿತ್ರೆಯನ್ನು ಎಲ್ಲಿಂದ ಹಿಡಿದು ಎಳೆದರೂ ಒಂದು ಎಳೆ ಈ ಊರಿಗೆ ಬಂದು ಗಂಟಾಗುತ್ತದೆ.

ಇವತ್ತು ಮೊದಲು ಕೋಣೆಯ ಮಾತು ಆಡುತ್ತೇನೆ. ಆಮೇಲೆ ಆ ಕೋಣೆಯಿಂದ ವಿಶ್ವವಿದ್ಯಾಲಯ ಹುಟ್ಟಿದ ಬಗೆ. ಮೂರನೆಯದು, ಅದೇ ಕೋಣೆ ಊರಿನ ಬೀದಿಗಳ ರೂಪವನ್ನೇ ಬದಲಿಸಿದ್ದು. ಸಮಯ ಉಳಿದರೆ ಪರೀಕ್ಷೆ ಮತ್ತು ಊಟದ ಬಗ್ಗೆ ನಾಲ್ಕು ಮಾತು. ಒಂದು ಎಚ್ಚರಿಕೆ: ಇದರಲ್ಲಿ ದೊಡ್ಡ ದೊಡ್ಡ ಪಂಡಿತರ ಹೆಸರುಗಳಿಗಿಂತ ಬಾಡಿಗೆಯ ಲೆಕ್ಕ ಹೆಚ್ಚು ಬರುತ್ತದೆ.

ರೈಲು ಇಳಿದಲ್ಲಿಂದ ಶುರುಮಾಡೋಣ. ಬೊಲೊನ್ಯಾ ನಿಲ್ದಾಣದ ಹೊರಗೋಡೆಯ ಮೇಲಿನ ಗಡಿಯಾರ ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ ನಿಂತಿದೆ. ಮೊದಲ ದಿನ ಅದನ್ನು ನೋಡಿ, ಇಲ್ಲಿಯ ರೈಲ್ವೆಯೂ ನಮ್ಮ ಹಾಗೇ ಅಂದುಕೊಂಡು ಮನಸ್ಸಿನಲ್ಲೇ ನಕ್ಕಿದ್ದೆ. ಒಳಗೆ ಕಾಯುವ ಕೊಠಡಿಗೆ ಹೋದಾಗ ಗೋಡೆಯ ಮೇಲೆ ಹೆಸರುಗಳ ಉದ್ದನೆಯ ಪಟ್ಟಿ ಕಂಡಿತು. 1980ರ ಆಗಸ್ಟ್ 2ರಂದು ಅದೇ ಕೊಠಡಿಯಲ್ಲಿ ನವ ಫ್ಯಾಸಿಸ್ಟರು ಇಟ್ಟ ಬಾಂಬ್ ಸಿಡಿದು 85 ಜನ ಸತ್ತರು. ಗಡಿಯಾರ ನಿಂತಿರುವುದು ಆ ಹೊತ್ತಿಗೆ. ನಕ್ಕಿದ್ದಕ್ಕೆ ಇವತ್ತಿಗೂ ನಾಚಿಕೆಯಿದೆ.

ಅಲ್ಲಿಂದ ಹದಿನೈದು ನಿಮಿಷ ನಡೆದರೆ ವಿಯಾ ಜಂಬೋನಿ, ವಿಶ್ವವಿದ್ಯಾಲಯದ ಬೀದಿ. ಆ ಬೀದಿಯಲ್ಲಿ ನಾನು ಮೊದಲು ಓದಿದ್ದು ಯಾವ ಶಾಸನವನ್ನೂ ಅಲ್ಲ, ಕಂಬಗಳಿಗೆ ಅಂಟಿಸಿದ ಚೀಟಿಗಳನ್ನು. ಚೀಟಿಯ ಕೆಳಗೆ ಬಾಚಣಿಗೆಯ ಹಲ್ಲುಗಳ ಹಾಗೆ ಕತ್ತರಿಸಿ ಪ್ರತಿ ಹಲ್ಲಿನ ಮೇಲೂ ಫೋನ್ ನಂಬರ್ ಬರೆದಿರುತ್ತಾರೆ. ಬೇಕಾದವರು ಒಂದೊಂದು ಹಲ್ಲು ಕಿತ್ತುಕೊಂಡು ಹೋಗಬೇಕು. ‘ಅಫಿತ್ತಾಸಿ’ ಎಂದರೆ ಬಾಡಿಗೆಗೆ ಇದೆ ಎಂದು ಅರ್ಥ. ‘ಪೋಸ್ತೊ ಲೆತ್ತೊ’ ಎಂದರೆ ಹಾಸಿಗೆಯ ಜಾಗ, ಅಂದರೆ ಇನ್ನೊಬ್ಬರ ಕೋಣೆಯಲ್ಲಿ ಒಂದು ಮಂಚ. ನಾನು ಇಟಾಲಿಯನ್ ಭಾಷೆಯಲ್ಲಿ ಮೊದಲು ಕಲಿತ ಪದಗಳು ಇವು. ನಾಲ್ಕು ಲಕ್ಷದ ಸಮೀಪ ಜನಸಂಖ್ಯೆಯ ಊರು. ಸುತ್ತಲ ಪಟ್ಟಣಗಳ ಶಾಖೆಗಳನ್ನೂ ಸೇರಿಸಿದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ತೊಂಬತ್ತು ಸಾವಿರದ ಆಸುಪಾಸು. ಮಂಚ ಸಿಗುವುದು ಎಷ್ಟು ಕಷ್ಟ ಎಂದು ನೀವೇ ಊಹಿಸಿಕೊಳ್ಳಿ.

ಹನ್ನೊಂದು ದಿನ ಅಗ್ಗದ ವಸತಿಗೃಹದಲ್ಲಿದ್ದು ಕಡೆಗೆ ಒಂದು ಜಾಗ ಸಿಕ್ಕಿತು. ಮನೆಯೊಡತಿ ಎಪ್ಪತ್ತು ದಾಟಿದವರು. ಮೂರು ತಿಂಗಳ ಮುಂಗಡ ಕೇಳಿದರು. ಕರಾರು ಪತ್ರ ಬೇಕು ಎಂದೆ. ‘ಇನ್ ನೇರೊ’ ಎಂದರು. ನೇರೊ ಎಂದರೆ ಕಪ್ಪು. ನೋಂದಣಿಯಿಲ್ಲ, ರಸೀದಿಯಿಲ್ಲ, ಸರ್ಕಾರಕ್ಕೆ ತೆರಿಗೆಯಿಲ್ಲ. ನಮ್ಮ ಕಪ್ಪುಹಣ ಎಂಬ ಮಾತಿಗೆ ಅಲ್ಲೊಂದು ಅಣ್ಣತಮ್ಮ ಸಿಕ್ಕಿದ ಹಾಗಾಯಿತು. ಆದರೆ ನೋಂದಾಯಿಸಿದ ಕರಾರು ಇಲ್ಲದಿದ್ದರೆ ವಾಸದ ಪರವಾನಗಿಯ ಕೆಲಸ ಸಿಕ್ಕಿಹಾಕಿಕೊಳ್ಳುತ್ತದೆ, ವಿದ್ಯಾರ್ಥಿವೇತನದ ಅರ್ಜಿಯೂ ಕುಂಟುತ್ತದೆ. ಆ ಅರ್ಜಿಯದು ಇನ್ನೊಂದು ಕಥೆ. ಮನೆಯ ಆದಾಯ ತೋರಿಸಿ ಎಂದರು. ನಾಡಕಚೇರಿಯಲ್ಲಿ ತಹಶೀಲ್ದಾರರ ಸಹಿಯೊಂದಿಗೆ ಕೊಟ್ಟ ಆದಾಯ ಪ್ರಮಾಣಪತ್ರ ನನ್ನ ಬಳಿ ಇತ್ತು. ಅದು ಇಟಾಲಿಯನ್‌ಗೆ ಅನುವಾದವಾಗಬೇಕು, ಅದರ ಮೇಲೆ ಅವರ ದೂತಾವಾಸದ ಮುದ್ರೆ ಬೀಳಬೇಕು. ನಮ್ಮ ತಂದೆಯವರ ಎರಡು ಎಕರೆ ಖುಷ್ಕಿ ಜಮೀನಿನ ಪಹಣಿಯನ್ನೂ ಕೇಳಿದರು. ‘ಖುಷ್ಕಿ’ಗೆ ಇಟಾಲಿಯನ್‌ನಲ್ಲಿ ಏನು ಹೇಳುವುದು? ಮಳೆಯನ್ನೇ ನಂಬಿದ ಭೂಮಿ ಎಂದು ಬರೆದರು ಅನುವಾದಕರು. ಮೇಜಿನ ಆಚೆಗಿದ್ದ ಗುಮಾಸ್ತೆ ಅದನ್ನು ಎರಡು ಸಲ ಓದಿ ‘ಇದು ಕವಿತೆಯೋ ದಾಖಲೆಯೋ’ ಎಂದರು. ಹಣ ಮಂಜೂರಾಗುವಷ್ಟರಲ್ಲಿ ಚಳಿಗಾಲ ಮುಗಿದಿತ್ತು.

ಈ ಗೋಳನ್ನು ನಾನು ನನ್ನ ಮೇಲ್ವಿಚಾರಕರ ಮುಂದೆ ತೋಡಿಕೊಂಡೆ. ಅವರು ಸಮಾಧಾನದ ಮಾತು ಆಡಲಿಲ್ಲ. ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ ಮಧ್ಯಯುಗದ ನಿಬಂಧನೆಗಳ ಒಂದು ಸಂಪುಟವನ್ನು ಕೈಗಿಟ್ಟರು. ‘ಬಾಡಿಗೆಯ ಭಾಗ ಓದು, ಆಮೇಲೆ ಬಾ’ ಎಂದರು. ನನ್ನ ಪ್ರಬಂಧದ ವಿಷಯ ಅವತ್ತು ನಿಶ್ಚಯವಾಯಿತು.

ಇಲ್ಲಿಂದ ಎರಡನೆಯ ಭಾಗಕ್ಕೆ ಬರುತ್ತೇನೆ.

ನಾವು ‘ವಿಶ್ವವಿದ್ಯಾಲಯ’ ಎನ್ನುತ್ತೇವೆ. ಆ ಪದದ ಕೊನೆಯಲ್ಲಿ ಒಂದು ಆಲಯವಿದೆ. ಆದ್ದರಿಂದ ಪದ ಕಿವಿಗೆ ಬಿದ್ದೊಡನೆ ಕಟ್ಟಡ, ಗೋಪುರ, ಹೆಬ್ಬಾಗಿಲು ನೆನಪಿಗೆ ಬರುತ್ತವೆ. ಲ್ಯಾಟಿನ್ ಭಾಷೆಯ ‘ಉನಿವೆರ್ಸಿತಾಸ್’ ಪದದಲ್ಲಿ ಆಲಯವೂ ಇಲ್ಲ, ವಿದ್ಯೆಯೂ ಇಲ್ಲ. ಅದರ ಅರ್ಥ ಒಟ್ಟು ಕೂಟ, ಸಂಘ. ಚಮ್ಮಾರರ ಸಂಘಕ್ಕೂ ಬಡಗಿಗಳ ಸಂಘಕ್ಕೂ ಆ ಪದ ಸಲ್ಲುತ್ತಿತ್ತು. ಬೊಲೊನ್ಯಾದಲ್ಲಿ ಅದು ವಿದ್ಯಾರ್ಥಿಗಳ ಸಂಘ. ಒತ್ತಿ ಹೇಳುತ್ತೇನೆ, ಅಧ್ಯಾಪಕರದ್ದಲ್ಲ.

ಹನ್ನೊಂದನೆಯ ಶತಮಾನದ ಕೊನೆಯ ಹೊತ್ತಿಗೆ ಬೊಲೊನ್ಯಾದಲ್ಲಿ ರೋಮನ್ ಕಾನೂನಿನ ಪಾಠ ಶುರುವಾಗಿತ್ತು. ಇರ್ನೇರಿಯೊ ಎಂಬ ಪಂಡಿತನ ಹೆಸರು ಅದಕ್ಕೆ ಅಂಟಿಕೊಂಡಿದೆ. ಸ್ಥಾಪನೆಯ ವರ್ಷ 1088 ಎಂದು ಎಲ್ಲೆಡೆ ಬರೆದಿರುತ್ತದೆ. ಆದರೆ ಅಂಥ ಸ್ಥಾಪನಾ ಪತ್ರವೇನೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕವಿ ಜೊಸುವೆ ಕಾರ್ದುಚ್ಚಿಯ ಮುಂದಾಳತ್ವದ ಸಮಿತಿಯೊಂದು ಆ ವರ್ಷವನ್ನು ಗೊತ್ತುಮಾಡಿತು. 1888ರಲ್ಲಿ ಎಂಟುನೂರನೆಯ ವರ್ಷದ ಉತ್ಸವವೂ ನಡೆಯಿತು. ಹುಟ್ಟಿದ ದಿನ ಗೊತ್ತಿಲ್ಲದ ಅಜ್ಜಿಗೆ ಮೊಮ್ಮಕ್ಕಳು ಸೇರಿ ಒಂದು ದಿನ ನಿಶ್ಚಯಿಸಿದ ಹಾಗೆ. ಅಜ್ಜಿಯ ವಯಸ್ಸಿನ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ.

ಕಾನೂನು ಕಲಿಯಲು ಆಲ್ಪ್ಸ್ ಪರ್ವತದ ಆಚೆಯಿಂದ ಹುಡುಗರು ಬರತೊಡಗಿದರು. ಹುಡುಗರೆಂದರೆ ಎಳೆಯರಲ್ಲ, ಹಲವರು ಇಪ್ಪತ್ತು ದಾಟಿದವರು, ಕೆಲವರು ಆಗಲೇ ಚರ್ಚಿನಲ್ಲಿ ಹುದ್ದೆಯಲ್ಲಿದ್ದವರು. ಊರಿಗೆ ಅವರು ಪರದೇಶಿಗಳು, ಪೌರರ ಹಕ್ಕು ಒಂದೂ ಇಲ್ಲ. ಆ ಕಾಲದಲ್ಲಿ ಒಂದು ಕ್ರೂರ ಪದ್ಧತಿಯಿತ್ತು. ಜರ್ಮನಿಯ ವರ್ತಕನೊಬ್ಬ ಸಾಲ ಮಾಡಿ ಓಡಿಹೋದರೆ, ಆ ಸಾಲಕ್ಕಾಗಿ ಊರಲ್ಲಿ ಸಿಕ್ಕಿದ ಬೇರೊಬ್ಬ ಜರ್ಮನ್‌ನನ್ನು ಹಿಡಿಯಬಹುದಿತ್ತು. ಆ ‘ಬೇರೊಬ್ಬ’ ಸಾಮಾನ್ಯವಾಗಿ ವಿದ್ಯಾರ್ಥಿಯೇ ಆಗಿರುತ್ತಿದ್ದ, ಏಕೆಂದರೆ ಅವನು ಓಡಿಹೋಗುವವನಲ್ಲ. 1155ರಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಬೊಲೊನ್ಯಾದ ಬಳಿ ಬೀಡುಬಿಟ್ಟಿದ್ದಾಗ ವಿದ್ಯಾರ್ಥಿಗಳೂ ಅಧ್ಯಾಪಕರೂ ಹೋಗಿ ಅವನನ್ನು ಕಂಡರು. ಊರು ಹೇಗಿದೆ, ಜನ ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ಅವನು ಕೇಳಿದ. ಚೆನ್ನಾಗಿಯೇ ಇದ್ದೇವೆ, ಆದರೆ ನಾವು ಮಾಡದ ಸಾಲಕ್ಕೆ ನಮ್ಮನ್ನು ಹಿಡಿಯುತ್ತಾರೆ ಎಂದು ಅವರು ದೂರಿಕೊಂಡರಂತೆ. ಆ ಕಾಲದ ಒಂದು ಕಾವ್ಯ ಈ ಪ್ರಸಂಗವನ್ನು ಹೇಳುತ್ತದೆ. ಅದರ ಫಲವಾಗಿ ಬಂದದ್ದು ‘ಹಬಿತಾ’ ಎಂಬ ಹೆಸರಿನ ಶಾಸನ: ಓದಲು ಹೊರಟವನು ನಿರ್ಭಯವಾಗಿ ಪಯಣಿಸಬಹುದು, ಪರರ ಸಾಲಕ್ಕೆ ಅವನನ್ನು ಹಿಡಿಯುವಂತಿಲ್ಲ, ಅವನ ಮೇಲೆ ದೂರು ಬಂದರೆ ತನ್ನ ಗುರುವಿನ ಮುಂದೆಯೋ ಬಿಷಪ್ಪನ ಮುಂದೆಯೋ ವಿಚಾರಣೆ ಬೇಡಬಹುದು. ಯುರೋಪಿನಲ್ಲಿ ವಿದ್ಯಾ ಸ್ವಾತಂತ್ರ್ಯದ ಮೊದಲ ಪತ್ರ ಎಂದು ಇದನ್ನು ಈಗ ಕೊಂಡಾಡುತ್ತಾರೆ. ಅದರ ಒಳಗೆ ಇರುವುದು ಸಾಲ, ದಾರಿ, ನ್ಯಾಯಾಲಯ. ವಿಚಾರ ಸ್ವಾತಂತ್ರ್ಯದ ಸುದ್ದಿ ಒಂದು ಸಾಲೂ ಇಲ್ಲ.

ಶಾಸನ ಕಾಗದದ ಮೇಲಿದ್ದರೆ ಸಾಲದು ಎಂದು ಕಾನೂನು ಓದುವವರಿಗೆ ಬೇರೆ ಹೇಳಬೇಕೆ? ಅವರು ತಮ್ಮ ತಮ್ಮ ನಾಡಿನ ಹೆಸರಿನಲ್ಲಿ ಕೂಟ ಕಟ್ಟಿಕೊಂಡರು. ಆ ಕೂಟಗಳು ಸೇರಿ ಎರಡು ದೊಡ್ಡ ಸಂಘಗಳಾದವು: ಆಲ್ಪ್ಸ್‌ನ ಈಚೆಯವರದು ಒಂದು, ಆಚೆಯವರದು ಇನ್ನೊಂದು. ಸಂಘದ ಮುಖ್ಯಸ್ಥನಿಗೆ ರೆಕ್ಟರ್ ಎಂದು ಹೆಸರು. ಅವನು ವಿದ್ಯಾರ್ಥಿ. ಅಧ್ಯಾಪಕರು ಅವನ ಮಾತಿಗೆ ಬದ್ಧರಾಗಿರುತ್ತೇವೆಂದು ಪ್ರಮಾಣ ಮಾಡಬೇಕಿತ್ತು. ಗಂಟೆ ಬಾರಿಸಿದ ಮೇಲೆ ತಡವಾಗಿ ಬಂದರೆ ದಂಡ. ಮುಗಿಸುವ ಗಂಟೆ ಬಾರಿಸಿದ ಮೇಲೆ ಎಳೆದರೂ ದಂಡ. ಕಷ್ಟದ ಅಧ್ಯಾಯವನ್ನು ಹಾರಿಸಿ ಮುಂದೆ ಹೋದರೆ ದಂಡ. ಊರು ಬಿಟ್ಟು ಹೋಗಬೇಕಾದರೆ ಅನುಮತಿ ಬೇಕು, ಹಿಂದಿರುಗುವ ಭರವಸೆಗೆ ಠೇವಣಿ ಇಡಬೇಕು. ತರಗತಿಗೆ ಐದು ಜನಕ್ಕಿಂತ ಕಡಿಮೆ ಬಂದರೆ ಅಧ್ಯಾಪಕನೇ ಗೈರುಹಾಜರಾದಂತೆ ಲೆಕ್ಕ. ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಸಹೋದ್ಯೋಗಿಗಳು ಆಗಲೇ ಬೆವರುತ್ತಿದ್ದಾರೆ. ಹಿಂದಿನ ಸಾಲುಗಳಲ್ಲಿ ಯಾರೋ ಬರೆದುಕೊಳ್ಳುತ್ತಿದ್ದಾರೆ.

ಈ ಬಲ ಎಲ್ಲಿಂದ ಬಂತು? ಒಂದು ಮೂಲ, ಅಧ್ಯಾಪಕರ ಸಂಭಾವನೆ ವಿದ್ಯಾರ್ಥಿಗಳ ಜೇಬಿನಿಂದಲೇ ಬರುತ್ತಿದ್ದದ್ದು. ಆ ಜೇಬೂ ಸುಲಭವಾಗಿ ಬಿಚ್ಚುತ್ತಿರಲಿಲ್ಲ. ಹದಿಮೂರನೆಯ ಶತಮಾನದ ಪ್ರಸಿದ್ಧ ಪಂಡಿತ ಒಡೊಫ್ರೆಡೊ, ಮುಂದಿನ ವರ್ಷ ಹೆಚ್ಚಿನ ಪಾಠ ಮಾಡುವುದಿಲ್ಲ, ನೀವು ಕಲಿಯಬೇಕೆನ್ನುತ್ತೀರಿ ಆದರೆ ಕೊಡಬೇಕೆನ್ನುವುದಿಲ್ಲ ಎಂಬರ್ಥದಲ್ಲಿ ತರಗತಿಯಲ್ಲೇ ಗೊಣಗಿದ್ದು ದಾಖಲಾಗಿದೆ.

ಇನ್ನೊಂದು ಮೂಲ, ಇದೇ ನನಗೆ ಮುಖ್ಯ, ಆಲಯ ಇಲ್ಲದಿದ್ದದ್ದು. ಪಾಠ ನಡೆಯುತ್ತಿದ್ದದ್ದು ಅಧ್ಯಾಪಕರ ಮನೆಯಲ್ಲಿ, ಬಾಡಿಗೆಗೆ ಹಿಡಿದ ಹಜಾರದಲ್ಲಿ. ಸಭೆ ಸೇರುತ್ತಿದ್ದದ್ದು ಚರ್ಚುಗಳಲ್ಲಿ. ಕಟ್ಟಡವಿಲ್ಲದವರಿಗೆ ಬಿಟ್ಟುಹೋಗಲು ಏನೂ ಇರುವುದಿಲ್ಲ. ಊರಿನವರೊಂದಿಗೆ ಜಗಳವಾದರೆ ಗಂಟುಮೂಟೆ ಕಟ್ಟಿ ಹೊರಟುಬಿಡುತ್ತಿದ್ದರು. 1222ರಲ್ಲಿ ಹಾಗೆ ಹೊರಟವರಿಂದ ಪಡುವಾ ವಿಶ್ವವಿದ್ಯಾಲಯ ಹುಟ್ಟಿತು. 1321ರಲ್ಲಿ ಒಬ್ಬ ವಿದ್ಯಾರ್ಥಿಗೆ ಊರಿನ ಅಧಿಕಾರಿ ಮರಣದಂಡನೆ ವಿಧಿಸಿದಾಗ ದೊಡ್ಡ ಗುಂಪೊಂದು ಸಿಯೆನಾಕ್ಕೆ ನಡೆಯಿತು. ವಿದ್ಯಾರ್ಥಿಗಳು ಹೋದರೆಂದರೆ ಬಾಡಿಗೆ ಹೋಯಿತು, ರೊಟ್ಟಿಯಂಗಡಿ, ದ್ರಾಕ್ಷಾರಸದಂಗಡಿಗಳ ವ್ಯಾಪಾರ ಹೋಯಿತು. ಊರು ಬೆನ್ನಟ್ಟಿ ಹೋಗಿ ಕೈಮುಗಿದು ಕರೆತರಬೇಕಾಗುತ್ತಿತ್ತು.

ಈಗ ನನ್ನ ಮೇಲ್ವಿಚಾರಕರು ಓದು ಎಂದ ಭಾಗ. ಬಾಡಿಗೆಯನ್ನು ನಿಗದಿ ಮಾಡುವುದಕ್ಕೆ ವಿದ್ಯಾರ್ಥಿಗಳ ಪರವಾಗಿಯೂ ಊರಿನ ಪರವಾಗಿಯೂ ಬೆಲೆಗಾರರು ಇರುತ್ತಿದ್ದರು. ಮನೆ ನೋಡಿ, ಕೋಣೆ ನೋಡಿ ಇಷ್ಟು ಎಂದು ಅವರು ಹೇಳಿದರೆ ಇಷ್ಟೇ. ಅದಕ್ಕೆ ಒಪ್ಪದ ಮನೆಯೊಡೆಯನ ಮನೆಗೆ ಸಂಘ ಬಹಿಷ್ಕಾರ ಹಾಕುತ್ತಿತ್ತು. ವರ್ಷಗಟ್ಟಲೆ ಯಾವ ವಿದ್ಯಾರ್ಥಿಯೂ ಆ ಹೊಸ್ತಿಲು ತುಳಿಯುವಂತಿರಲಿಲ್ಲ. ನಾನು ಆ ಪುಟಗಳನ್ನು ಓದಿದ ದಿನ ಮನೆಗೆ ಹೋಗಿ ನಮ್ಮ ಮನೆಯೊಡತಿಗೆ ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು. ಬಾಡಿಗೆ ಒಂದು ಯೂರೋ ಇಳಿಯಲಿಲ್ಲ. ಆದರೆ ಮಾರನೆಯ ವಾರ ಕರಾರು ನೋಂದಣಿಯಾಯಿತು.

2023ರ ಮೇ ತಿಂಗಳಲ್ಲಿ ಮಿಲಾನ್‌ನ ವಿದ್ಯಾರ್ಥಿನಿಯೊಬ್ಬಳು ಬಾಡಿಗೆ ತೆರಲಾರದೆ ವಿಶ್ವವಿದ್ಯಾಲಯದ ಮುಂದೆ ಡೇರೆ ಹಾಕಿ ಮಲಗಿದಳು. ಕೆಲವೇ ದಿನಗಳಲ್ಲಿ ಇಟಲಿಯ ಬೇರೆ ಬೇರೆ ವಿಶ್ವವಿದ್ಯಾಲಯಗಳ ಅಂಗಳದಲ್ಲೂ ಡೇರೆಗಳೆದ್ದವು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಹಳೆಯ ಬೆಲೆಗಾರರು. ಅವರ ಹುದ್ದೆ ಯಾವಾಗಲೋ ಹೋಯಿತು. ಅವರು ಮಾಡುತ್ತಿದ್ದ ಕೆಲಸ ಹಾಗೇ ಬಾಕಿ ಉಳಿದಿದೆ.

ಮುಂದಿನ ಮಾತಿಗೆ ಮುಂಚೆ ಒಂದು ಸಣ್ಣ ಸುತ್ತು. ಪುಸ್ತಕಗಳ ವಿಷಯ. ಅಚ್ಚು ಇಲ್ಲದ ಕಾಲ. ಒಂದು ಕಾನೂನು ಗ್ರಂಥದ ಬೆಲೆಗೆ ಕೆಲವು ತಿಂಗಳ ಖರ್ಚು ನಡೆಯುತ್ತಿತ್ತು. ಅದಕ್ಕೆ ಬೊಲೊನ್ಯಾದಂಥ ಊರುಗಳು ಕಂಡುಕೊಂಡ ಉಪಾಯ ‘ಪೆಚಿಯಾ’. ಪುಸ್ತಕದಂಗಡಿಯವನು ತಿದ್ದಿದ ಮೂಲಪ್ರತಿಯನ್ನು ಹೊಲಿಯದೆ ಬಿಡಿ ಬಿಡಿ ಕಂತೆಗಳಾಗಿ ಇಟ್ಟುಕೊಂಡು ಒಂದೊಂದನ್ನೇ ಬಾಡಿಗೆಗೆ ಕೊಡುತ್ತಿದ್ದ. ನೀವು ಮೂರನೆಯ ಕಂತೆ ನಕಲು ಮಾಡಿಕೊಳ್ಳುವಾಗ ಇನ್ನೊಬ್ಬ ಏಳನೆಯದನ್ನು ಮಾಡಿಕೊಳ್ಳುತ್ತಿದ್ದ. ಒಂದೇ ಪುಸ್ತಕವನ್ನು ಏಕಕಾಲಕ್ಕೆ ಹತ್ತಾರು ಜನ ಬರೆದುಕೊಳ್ಳಬಹುದಿತ್ತು. ಪರೀಕ್ಷೆಯ ಹಿಂದಿನ ವಾರ ನಮ್ಮ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಡೆಯುವುದೂ ಇದೇ. ಅಲ್ಲಿ ಮೂಲಪ್ರತಿಯ ತಪ್ಪುಗಳನ್ನು ತಿದ್ದಲು ಸಂಘದ ಪರೀಕ್ಷಕರಿದ್ದರು ಎನ್ನುವುದೊಂದೇ ವ್ಯತ್ಯಾಸ.

ಮೂರನೆಯ ವಿಷಯ, ಬೀದಿ.

ಬೊಲೊನ್ಯಾದಲ್ಲಿ ಮಳೆ ಬಂದರೆ ಕೊಡೆ ಬೇಡ. ಊರಿನ ಉದ್ದಕ್ಕೂ ಕಟ್ಟಡಗಳ ಮುಂದೆ ಕಮಾನುಗಳ ಸಾಲು, ಅದರ ಕೆಳಗೆ ನಡೆಯುವ ದಾರಿ. ಅದಕ್ಕೆ ಪೋರ್ಟಿಕೊ ಎನ್ನುತ್ತಾರೆ. ನಮ್ಮ ದೇವಸ್ಥಾನಗಳ ಕೈಸಾಲೆಯನ್ನು ಎಳೆದು ಎಳೆದು ಇಡೀ ಊರಿಗೆ ಹಾಸಿದರೆ ಹೇಗಿರುತ್ತದೋ ಹಾಗೆ. ಒಟ್ಟು ಉದ್ದ 62 ಕಿಲೋಮೀಟರ್ ಎಂದು ಲೆಕ್ಕ ಹಾಕಿದ್ದಾರೆ. 2021ರಲ್ಲಿ ಯುನೆಸ್ಕೊ ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡ್ಡದ ಮೇಲಿನ ಸಾನ್ ಲೂಕಾ ಗುಡಿಗೆ ಹೋಗುವ ಪೋರ್ಟಿಕೊ ಒಂದರಲ್ಲೇ 666 ಕಮಾನುಗಳಿವೆ, ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್ ದಾರಿ.

ಇದು ಅಂದಕ್ಕೆ ಕಟ್ಟಿದ್ದಲ್ಲ. ಮಧ್ಯಯುಗದಲ್ಲಿ ಊರಿಗೆ ವಿದ್ಯಾರ್ಥಿಗಳೂ ಕಸುಬುದಾರರೂ ಬಂದು ತುಂಬಿಕೊಂಡಾಗ ಮನೆಯವರು ಮಾಳಿಗೆಯ ಕೋಣೆಗಳನ್ನು ಬೀದಿಯ ಮೇಲಕ್ಕೆ ಮರದ ತೊಲೆ ಕೊಟ್ಟು ಚಾಚಿದರು. ತೊಲೆ ಭಾರ ತಾಳದಾದಾಗ ಕೆಳಗೆ ಕಂಬ ಕೊಟ್ಟರು. ಬೇರೆ ಊರುಗಳು ಇಂಥ ಅತಿಕ್ರಮಣವನ್ನು ಕೆಡವಿಸಿದವು. ಬೊಲೊನ್ಯಾ ಜಾಣತನ ಮಾಡಿತು. 1288ರ ಕಟ್ಟಳೆಯಲ್ಲಿ ಪೋರ್ಟಿಕೊ ಇಲ್ಲದ ಮನೆಗಳೂ ಅದನ್ನು ಕಟ್ಟಬೇಕು ಎಂದು ಆಜ್ಞೆ ಹೊರಡಿಸಿತು. ಕುದುರೆ ಸವಾರ ತಲೆ ತಾಗದೆ ಹೋಗುವಷ್ಟು ಎತ್ತರ ಇರಬೇಕು. ಕಟ್ಟುವುದು, ದುರಸ್ತಿ ಮಾಡಿಸುವುದು ಮನೆಯವನ ಜವಾಬ್ದಾರಿ. ನಡೆಯುವ ಹಕ್ಕು ಮಾತ್ರ ಎಲ್ಲರದು. ಸ್ತ್ರಾದಾ ಮಜ್ಜೋರೆಯ ಕಾಸಾ ಇಸೊಲಾನಿ ಎಂಬ ಹದಿಮೂರನೆಯ ಶತಮಾನದ ಮನೆಯಲ್ಲಿ ಈಗಲೂ ಓಕ್ ಮರದ ಎತ್ತರದ ಕಂಬಗಳು ಚಾಚಿದ ಮಾಳಿಗೆಯನ್ನು ಹೊತ್ತು ನಿಂತಿವೆ. ನಾನು ಅದನ್ನು ದಾಟಿ ಹೋಗುವಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದೆ. ಆ ಚಾಚಿದ ಕೋಣೆಗಳಲ್ಲಿ ನನ್ನಂಥವರು ಎಷ್ಟು ಜನ ಚಳಿಗೆ ನಡುಗಿರಬಹುದು! ನಗರಸಭೆಯ ಮೇಲ್ಚಾಚಿನ ನಿಯಮ ಮುರಿದು ಕಟ್ಟಿದ ಬಾಡಿಗೆ ಕೋಣೆ ವಿಶ್ವ ಪರಂಪರೆಯಾದ ಉದಾಹರಣೆ ಬೇರೆ ಯಾವುದಾದರೂ ಇದ್ದರೆ ನನಗೆ ತಿಳಿಸಿ. ಹೀಗೆಂದು ಬೆಂಗಳೂರಿನ ಮನೆಯೊಡೆಯರಿಗೆ ದಯವಿಟ್ಟು ಯಾರೂ ಹೇಳಬೇಡಿ.

ಮನೆ, ಕೋಣೆ ಎನ್ನುವಾಗ ಇಬ್ಬರನ್ನು ನೆನೆಯಲೇಬೇಕು. 1496ರಲ್ಲಿ ಪೋಲೆಂಡಿನ ಕಡೆಯಿಂದ ಒಬ್ಬ ಯುವಕ ಚರ್ಚಿನ ಕಾನೂನು ಓದಲು ಬಂದು ಜರ್ಮನ್ ಕೂಟದಲ್ಲಿ ಹೆಸರು ಬರೆಸಿದ. ಖಗೋಳ ಶಾಸ್ತ್ರದ ಅಧ್ಯಾಪಕ ದೊಮೆನಿಕೊ ಮರಿಯಾ ನೊವಾರಾನ ಮನೆಯಲ್ಲಿ ಅವನು ಇಳಿದುಕೊಂಡಿದ್ದ ಎಂಬುದು ರೂಢಿಯ ಮಾತು. ಅವನ ಸಹಾಯಕನಾಗಿದ್ದದ್ದಂತೂ ನಿಜ. 1497ರ ಮಾರ್ಚ್ 9ರ ರಾತ್ರಿ ಚಂದ್ರ ರೋಹಿಣಿ ನಕ್ಷತ್ರವನ್ನು ಮರೆಮಾಡಿದ್ದನ್ನು ಅವನು ಬೊಲೊನ್ಯಾದಲ್ಲಿ ನೋಡಿ ಗುರುತು ಹಾಕಿಕೊಂಡ. ಅವನೇ ಕೊಪರ್ನಿಕಸ್. ಓದಲು ಬಂದದ್ದು ಕಾನೂನು, ಕಲಿತದ್ದು ಆಕಾಶ.

ಇನ್ನೊಬ್ಬಳು ಲಾರಾ ಬಾಸ್ಸಿ. 1732ರಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಪದವಿ ಪಡೆದಳು, ಅದೇ ವರ್ಷ ಅಧ್ಯಾಪಕಿಯೆಂದು ನೇಮಕವೂ ಆದಳು. ಸಂಬಳ ಕೊಟ್ಟರು, ಆದರೆ ಹೆಂಗಸು ಎಂಬ ಕಾರಣಕ್ಕೆ ಎಲ್ಲರಂತೆ ಸಾರ್ವಜನಿಕವಾಗಿ ಪಾಠ ಮಾಡಲು ಬಿಡಲಿಲ್ಲ. ಅವಳೂ ಅವಳ ಗಂಡ ಜುಸೆಪ್ಪೆ ವೆರಾಟ್ಟಿಯೂ ಮನೆಯಲ್ಲೇ ಉಪಕರಣಗಳನ್ನು ಜೋಡಿಸಿಕೊಂಡರು. ನ್ಯೂಟನ್ನನ ಭೌತಶಾಸ್ತ್ರವನ್ನು ಪ್ರಯೋಗ ಮಾಡಿ ತೋರಿಸುವ ಪಾಠ ಆ ಮನೆಯಲ್ಲಿ ನಡೆಯಿತು. 1776ರಲ್ಲಿ ಪ್ರಾಯೋಗಿಕ ಭೌತಶಾಸ್ತ್ರದ ಪೀಠ ಅವಳಿಗೆ ಬಂತು. ಆ ಹೊತ್ತಿಗೆ ಅವಳಿಗೆ ಅರವತ್ತೈದರ ಹತ್ತಿರ. ಎರಡು ವರ್ಷಕ್ಕೆ ತೀರಿಕೊಂಡಳು. ಕಟ್ಟಡ ಬಾಗಿಲು ಮುಚ್ಚಿದಾಗ ಮನೆ ಮತ್ತೊಮ್ಮೆ ವಿಶ್ವವಿದ್ಯಾಲಯವಾಯಿತು.

ಹಾಗಾದರೆ ಆಲಯ ಬಂದದ್ದು ಯಾವಾಗ? 1563ರಲ್ಲಿ. ಆರ್ಕಿಜಿನ್ನಾಸಿಯೊ ಅದರ ಹೆಸರು. ಊರು ಆಗ ಪೋಪ್‌ನ ಆಳ್ವಿಕೆಯಲ್ಲಿತ್ತು. ಅಲ್ಲಲ್ಲಿ ಚದುರಿದ್ದ ಪಾಠಗಳನ್ನು ಒಂದೇ ಸೂರಿನಡಿ ತಂದರೆ ಕಣ್ಣಿಡುವುದು ಸುಲಭ. ಅಧ್ಯಾಪಕರ ಸಂಬಳ ಆಗಲೇ ನಗರದ ಬೊಕ್ಕಸದಿಂದ ಬರುತ್ತಿತ್ತು. ಈಗ ಜಾಗವೂ ಗೊತ್ತಾಯಿತು. ಗಂಟುಮೂಟೆ ಕಟ್ಟುವ ಬೆದರಿಕೆಗೆ ಅರ್ಥ ಉಳಿಯಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ವಿದ್ಯಾರ್ಥಿಗಳ ವಿಶ್ವವಿದ್ಯಾಲಯ ಮುಗಿದದ್ದು ಅದಕ್ಕೆ ಒಳ್ಳೆಯ ಕಟ್ಟಡ ಸಿಕ್ಕಿದಾಗ. ನನ್ನ ಪರೀಕ್ಷಕರಲ್ಲಿ ಒಬ್ಬರು ಇದನ್ನು ಒಪ್ಪಲಿಲ್ಲ, ಬಲ ಕುಗ್ಗಿ ಎಷ್ಟೋ ಕಾಲವಾಗಿತ್ತು ಎಂದರು. ಅವರ ಮಾತಿನಲ್ಲೂ ಹುರುಳಿದೆ.

ಕಟ್ಟಡ ಮಾತ್ರ ನೋಡತಕ್ಕದ್ದು. ಗೋಡೆ, ಕಮಾನು, ಮೆಟ್ಟಿಲು ಎಲ್ಲೆಡೆ ವಿದ್ಯಾರ್ಥಿಗಳ ಮನೆತನದ ಲಾಂಛನಗಳು, ಪಕ್ಕದಲ್ಲಿ ಹೆಸರು, ಊರು. ಸುಮಾರು ಆರು ಸಾವಿರ ಉಳಿದಿವೆ. ನಾವು ಬೆಂಚಿನ ಮೇಲೆ ಕೈವಾರದ ಮೊನೆಯಿಂದ ಕೊರೆದ ಹೆಸರುಗಳ ಶ್ರೀಮಂತ ರೂಪ ಎನ್ನಬಹುದು. ಒಳಗೆ 1637ರಲ್ಲಿ ಮರದಿಂದ ಕಟ್ಟಿದ ಅಂಗರಚನಾ ಪಾಠದ ಕೊಠಡಿಯಿದೆ. ನಡುವೆ ಹೆಣ ಮಲಗಿಸುವ ಅಮೃತಶಿಲೆಯ ಮೇಜು, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಆಸನಗಳು. 1944ರ ಜನವರಿಯ ಬಾಂಬ್ ದಾಳಿಯಲ್ಲಿ ಅದು ನುಚ್ಚುನೂರಾಯಿತು. ಊರಿನವರು ಅವಶೇಷಗಳ ನಡುವೆ ಮರದ ತುಂಡುಗಳನ್ನು ಹೆಕ್ಕಿ ಮತ್ತೆ ಜೋಡಿಸಿದರು. 1803ರಲ್ಲಿ ವಿಶ್ವವಿದ್ಯಾಲಯ ವಿಯಾ ಜಂಬೋನಿಯ ಅರಮನೆಗೆ ಸ್ಥಳಾಂತರವಾಯಿತು. ಆರ್ಕಿಜಿನ್ನಾಸಿಯೊ ಈಗ ನಗರಸಭೆಯ ಗ್ರಂಥಾಲಯ.

ಇನ್ನು ಪರೀಕ್ಷೆ. ಬೇಗ ಮುಗಿಸುತ್ತೇನೆ. ಅಲ್ಲಿ ಬಹುಪಾಲು ಪರೀಕ್ಷೆ ಬಾಯಿಯಲ್ಲಿ. ಬಾಗಿಲು ತೆರೆದೇ ಇರುತ್ತದೆ, ಯಾರು ಬೇಕಾದರೂ ಹಿಂದೆ ಕುಳಿತು ಕೇಳಬಹುದು. ಮುಂದಿನ ವಾರ ಪರೀಕ್ಷೆಗೆ ಕೂರುವವರು ಇವತ್ತೇ ಬಂದು ಯಾವ ಅಧ್ಯಾಪಕರಿಗೆ ಯಾವ ಪ್ರಶ್ನೆ ಪ್ರೀತಿ ಎಂದು ಗುರುತು ಮಾಡಿಕೊಳ್ಳುತ್ತಾರೆ. ಅಂಕ 30ಕ್ಕೆ, ಪಾಸಾಗಲು 18 ಬೇಕು. ಬಂದ ಅಂಕ ಸಾಲದು ಎನಿಸಿದರೆ ‘ಬೇಡ’ ಎಂದು ಹೇಳಿ ಎದ್ದು ಬರಬಹುದು, ಮತ್ತೆ ಕೂರಬಹುದು. ಮೊದಲ ಸಲ ನನಗೆ 22 ಕೊಟ್ಟರು. ಕೊಟ್ಟದ್ದನ್ನು ಬೇಡ ಎನ್ನುವ ಅಭ್ಯಾಸ ನಮಗಿಲ್ಲ, ತೆಗೆದುಕೊಂಡೆ. ಪಕ್ಕದ ಹುಡುಗಿ 27 ಬಂದದ್ದನ್ನು ಹಿಂದಿರುಗಿಸಿ ನಗುತ್ತಾ ಹೋದಳು. ತರಗತಿ ಹದಿನೈದು ನಿಮಿಷ ತಡವಾಗಿ ಶುರುವಾಗುವುದು ಸಂಪ್ರದಾಯ, ಅದಕ್ಕೆ ‘ವಿದ್ಯಾ ಕಾಲುಗಂಟೆ’ ಎಂದೇ ಹೆಸರು. ದಂಡ ಹಾಕುವ ರೆಕ್ಟರ್ ಈಗಿಲ್ಲ. ಪದವಿ ಬಂದ ದಿನ ತಲೆಗೆ ಲಾರೆಲ್ ಎಲೆಯ ಕಿರೀಟ, ಬೀದಿಯಲ್ಲಿ ಗೆಳೆಯರ ಅಣಕದ ಹಾಡು. ಆ ದಿನದವರೆಗೆ 97 ಮೀಟರ್ ಎತ್ತರದ ಅಸಿನೆಲ್ಲಿ ಗೋಪುರವನ್ನು ಹತ್ತಬಾರದು, ಹತ್ತಿದರೆ ಪದವಿ ಬಾರದು ಎಂಬ ನಂಬಿಕೆಯಿದೆ. ನಾನು ಹತ್ತಲಿಲ್ಲ. ಮೂಢನಂಬಿಕೆ ಎಂದು ನಗಬೇಡಿ. 498 ಮೆಟ್ಟಿಲು ತಪ್ಪಿಸಿಕೊಳ್ಳಲು ಅದಕ್ಕಿಂತ ಗೌರವದ ಕಾರಣ ಸಿಗುವುದಿಲ್ಲ.

ಊಟದ ವಿಷಯಕ್ಕೆ ಬೊಲೊನ್ಯಾದ ಅಡ್ಡಹೆಸರುಗಳೇ ಸಾಕು. ಓದಿದವಳು, ಕೊಬ್ಬಿದವಳು, ಕೆಂಪಿನವಳು ಎಂದು ಮೂರು. ಕೆಂಪು ಇಟ್ಟಿಗೆಯದೂ ಹೌದು, ಎಡಪಂಥದ ರಾಜಕೀಯದ್ದೂ ಹೌದು. 1977ರ ಮಾರ್ಚ್ 11ರಂದು ಫ್ರಾಂಚೆಸ್ಕೊ ಲೊರುಸ್ಸೊ ಎಂಬ ವಿದ್ಯಾರ್ಥಿ ಪೊಲೀಸ್ ಪಡೆಯ ಗುಂಡಿಗೆ ಬಲಿಯಾದ ವಿಯಾ ಮಸ್ಕರೆಲ್ಲಾದಲ್ಲಿ ಗೋಡೆಯ ಗುಂಡಿನ ಗುರುತುಗಳನ್ನು ಗಾಜಿನ ಹಿಂದೆ ಕಾಪಾಡಿದ್ದಾರೆ. ಕೊಬ್ಬಿದವಳು ಎನ್ನುವುದು ಊಟದ ಹೊಗಳಿಕೆ. ಸಸ್ಯಾಹಾರಿಗೆ ಆ ಹೊಗಳಿಕೆಯ ಬಹುಭಾಗ ದಕ್ಕುವುದಿಲ್ಲ. ಪಾರ್ಮೆಸಾನ್ ಗಿಣ್ಣಿಗೂ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ ಎಂದು ನನಗೆ ತಿಳಿದದ್ದು ಒಂದು ವರ್ಷ ಅದನ್ನು ತಿಂದ ಮೇಲೆ. ಈರುಳ್ಳಿ, ಟೊಮೆಟೊಗಳನ್ನು ಗಂಟೆಗಟ್ಟಲೆ ಬೇಯಿಸಿದ ‘ಫ್ರಿಜ್ಜೋನೆ’ ಸಿಕ್ಕಿತು. ಒಗ್ಗರಣೆ ಮರೆತ ಗೊಜ್ಜಿನಂತಿತ್ತು, ಅದರಲ್ಲೂ ಕೊಬ್ಬು ಹಾಕಿಲ್ಲವೆಂದು ಕೇಳಿಯೇ ತಿನ್ನಬೇಕು. ನನ್ನನ್ನು ಕಾಪಾಡಿದ್ದು ಕೋಣೆಯ ಗೆಳತಿ. ಅವಳು ದಕ್ಷಿಣದ ಪುಲಿಯಾದವಳು. ತಿಂಗಳಿಗೊಮ್ಮೆ ಅವಳ ಅಮ್ಮ ರಾತ್ರಿ ಬಸ್ಸಿನಲ್ಲಿ ಪೆಟ್ಟಿಗೆ ಕಳುಹಿಸುತ್ತಿದ್ದರು: ಎಣ್ಣೆ, ಒಣಗಿಸಿದ ಟೊಮೆಟೊ, ಗಟ್ಟಿ ರೊಟ್ಟಿ. ‘ಕೆಳಗಿನಿಂದ ಬಂದ ಪೊಟ್ಟಣ’ ಎಂದೇ ಅದಕ್ಕೆ ವಿದ್ಯಾರ್ಥಿಗಳ ಮಾತಿನಲ್ಲಿ ಹೆಸರು. ಊರಿಂದ ಬುತ್ತಿ ಬಂದ ದಿನ ಹಾಸ್ಟೆಲಿನಲ್ಲಿ ಹೇಗಿರುತ್ತದೆ ಎಂದು ಇಲ್ಲಿರುವವರಿಗೆ ವಿವರಿಸಬೇಕಾಗಿಲ್ಲ.

ಕಡೆಯದಾಗಿ ಒಂದು ಕೊಂಡಿ. ಬೊಲೊನ್ಯಾದಿಂದ ಹೊರಟ ಒಬ್ಬ ನಮ್ಮ ಕಡೆಗೂ ಬಂದಿದ್ದ. ಲುಡೊವಿಕೊ ದಿ ವರ್ತೆಮಾ. ಹದಿನಾರನೆಯ ಶತಮಾನದ ಆರಂಭದ ವರ್ಷಗಳಲ್ಲಿ ಬಿಜಾಪುರ, ಭಟ್ಕಳ, ಹೊನ್ನಾವರ, ಮಂಗಳೂರು, ವಿಜಯನಗರಗಳನ್ನು ಕಂಡು 1510ರಲ್ಲಿ ರೋಮ್‌ನಲ್ಲಿ ತನ್ನ ಪ್ರವಾಸ ಕಥನ ಅಚ್ಚುಹಾಕಿಸಿದ. ನಮ್ಮ ಚರಿತ್ರೆಕಾರರು ಅವನನ್ನು ವಿಜಯನಗರದ ಸಾಕ್ಷಿಯಾಗಿ ಬಳಸುತ್ತಾರೆ. ಪಂಡಿತರ ಊರಿನವನಾಗಿಯೂ ಅವನು ಪಂಡಿತನಲ್ಲ. ಓದಿ ತಿಳಿಯುವುದಕ್ಕಿಂತ ಕಣ್ಣಾರೆ ಕಾಣುವುದು ಮೇಲೆಂದು ಹೊರಟವನು. ಅವನ ಊರಿನಲ್ಲಿ ಎರಡು ವರ್ಷ ಇದ್ದು ಬಂದ ನಾನು, ಅವನು ನಮ್ಮ ನಾಡನ್ನು ಕಂಡು ಬರೆದ ಸಾಲವನ್ನು ಈ ಉಪನ್ಯಾಸದಿಂದ ಕಿಂಚಿತ್ತಾದರೂ ತೀರಿಸಿದ್ದೇನೆ ಎಂದುಕೊಳ್ಳುತ್ತೇನೆ.

ಹಿಂದಿನ ಸಾಲುಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಅಲ್ಲಿಗೆ ಹೋಗುವವರಿದ್ದರೆ ಅವರಿಗೆ ಮೂರು ಮಾತು. ಪ್ರವೇಶಪತ್ರ ಕೈಗೆ ಬರುವ ಮೊದಲೇ ಕೋಣೆ ಹುಡುಕಲು ಶುರುಮಾಡಿ. ಕರಾರು ನೋಂದಣಿಯಾಗದೆ ಮುಂಗಡ ಕೊಡಬೇಡಿ. ಆಗಸ್ಟ್ ತಿಂಗಳಲ್ಲಿ ಮಾತ್ರ ಹೋಗಿ ಇಳಿಯಬೇಡಿ. ಊರಿನವರೆಲ್ಲ ಕಡಲತೀರಕ್ಕೆ ಹೋಗಿರುತ್ತಾರೆ, ಬಾಗಿಲು ತಟ್ಟಿದರೆ ತೆರೆಯುವವರು ಇರುವುದಿಲ್ಲ.